ಭಾಸ್ಕರರ 61ರ ಲೆಕ್ಕವನ್ನು ಮಕ್ಕಳ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ಭಾಸ್ಕರಾಚಾರ್ಯರ ಹೆಸರು ನಮ್ಮ ವಿಜಯಪುರದಲ್ಲಿ ಎಲ್ಲರ ಬಾಯಲ್ಲೂ ಇದೆ. ಸಭೆಯಲ್ಲಿ ಮೈಕ್ ಹಿಡಿದವರು ಹೇಳುತ್ತಾರೆ, ಶಾಲೆಯ ಗ್ಯಾದರಿಂಗ್‌ನಲ್ಲಿ ಹೇಳುತ್ತಾರೆ, ವಾಟ್ಸಾಪ್‌ನಲ್ಲಂತೂ ಆಗಾಗ ಬರುತ್ತಲೇ ಇರುತ್ತದೆ. ಆದರೆ ಅವರು ಮಾಡಿದ ಒಂದೇ ಒಂದು ಲೆಕ್ಕ ಹೇಳಿ ಎಂದು ಕೇಳಿ ನೋಡಿ. ಅಲ್ಲಿಗೆ ಮಾತು ನಿಂತುಬಿಡುತ್ತದೆ. ಸೊನ್ನೆ ಕಂಡುಹಿಡಿದವರು ಅವರೇ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಸೊನ್ನೆಯನ್ನು ಕೂಡಿಸುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ ಎಂಬ ಗಣಿತಜ್ಞರು 628ರಲ್ಲೇ ಬರೆದಿಟ್ಟಿದ್ದರು, ಅಂದರೆ ಭಾಸ್ಕರರಿಗಿಂತ 500 ವರ್ಷ ಮೊದಲು. ಇನ್ನೊಬ್ಬರು ಮಾಡಿದ್ದನ್ನು ಇವರ ಹೆಸರಿಗೆ ಹಚ್ಚುವ ಅಗತ್ಯವೇ ಇಲ್ಲ, ಇವರದ್ದೇ ಆದ ದೊಡ್ಡ ಕೆಲಸ ಬೇಕಾದಷ್ಟಿದೆ. ಅದನ್ನು ಯಾರೂ ಮಕ್ಕಳ ಮುಂದೆ ಇಡುತ್ತಿಲ್ಲ ಅನ್ನೋದೇ ನನ್ನ ಸಂಕಟ.

ನಾನು ಗಣಿತದ ಮೇಷ್ಟ್ರಲ್ಲ. ಬಿಎಸ್‌ಸಿ ಮುಗಿಸಿ ಎಪಿಎಂಸಿಯ ಒಂದು ಅಡತ ಅಂಗಡಿಯಲ್ಲಿ ಕಿರ್ದಿ ಬರೆಯುತ್ತೇನೆ. ಸಂಜೆ ನಮ್ಮ ಓಣಿಯ ಹೈಸ್ಕೂಲ್ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಅವರಿಗೆ ತೋರಿಸಿದ ಒಂದು ಸಂಖ್ಯೆಯ ಬಗ್ಗೆ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ. ಕತ್ತರಿಸಿದರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ.

ಸಂಖ್ಯೆ ಇದು: 1766319049.

ನಮ್ಮ ರೂಢಿಯಲ್ಲಿ ಓದಿದರೆ 176 ಕೋಟಿ 63 ಲಕ್ಷ 19 ಸಾವಿರದ 49. ಭಾಸ್ಕರರು 1150ರ ಸುಮಾರಿಗೆ ತಮ್ಮ 'ಬೀಜಗಣಿತ' ಗ್ರಂಥದಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಗೆಳೆಯಾ, ಯಾವ ವರ್ಗವನ್ನು 67ರಿಂದ ಗುಣಿಸಿ ಒಂದು ಕೂಡಿಸಿದರೆ ಮತ್ತೆ ವರ್ಗವೇ ಬರುತ್ತದೆ? ಯಾವ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿಸಿದರೆ ಹಾಗೆ ಆಗುತ್ತದೆ? ಪ್ರಶ್ನೆ ಇಷ್ಟೇ. ಆರನೇ ಕ್ಲಾಸಿನ ಹುಡುಗನಿಗೂ ತಿಳಿಯುತ್ತದೆ. ಜೋಳದ ಕಾಳನ್ನು ನೆಲದ ಮೇಲೆ ಸಾಲು ಸಾಲಾಗಿ, ಚೌಕವಾಗಿ ಜೋಡಿಸಿದ್ದೀರಿ ಅಂದುಕೊಳ್ಳಿ. ಅಂಥದ್ದೇ ಒಂದೇ ಅಳತೆಯ 61 ಚೌಕ. ಎಲ್ಲಾ ಕಾಳು ಒಟ್ಟು ಮಾಡಿ, ಮೇಲೆ ಒಂದೇ ಒಂದು ಕಾಳು ಸೇರಿಸಿ, ಮತ್ತೆ ಜೋಡಿಸಿದರೆ ಒಂದು ದೊಡ್ಡ ಚೌಕ ಆಗಬೇಕು. ಒಂದು ಕಾಳೂ ಉಳಿಯಬಾರದು, ಒಂದು ಕಾಳೂ ಕಡಿಮೆ ಬೀಳಬಾರದು. ಹಾಗಾದರೆ ಚಿಕ್ಕ ಚೌಕದಲ್ಲಿ ಎಷ್ಟು ಸಾಲು ಇರಬೇಕು?

ಉತ್ತರ: ಚಿಕ್ಕ ಚೌಕದಲ್ಲಿ 22 ಕೋಟಿ 61 ಲಕ್ಷ 53 ಸಾವಿರದ 980 ಸಾಲು. ದೊಡ್ಡ ಚೌಕದಲ್ಲಿ ಮೇಲೆ ಹೇಳಿದ 1766319049 ಸಾಲು. ಇದಕ್ಕಿಂತ ಚಿಕ್ಕ ಉತ್ತರ ಇಲ್ಲವೇ ಇಲ್ಲ.

ಮಕ್ಕಳು ಬೆರಗಾಗುವುದು ಇಲ್ಲಿಯೇ. ಯಾಕೆಂದರೆ 61ರ ಅಕ್ಕಪಕ್ಕದವು ಬಹಳ ಸಾಧು. 60ಕ್ಕೆ ಇದೇ ಪ್ರಶ್ನೆ ಕೇಳಿದರೆ ಉತ್ತರ 4 ಮತ್ತು 31. 4ರ ವರ್ಗ 16, ಅರವತ್ತು ಪಟ್ಟು 960, ಒಂದು ಕೂಡಿಸಿದರೆ 961, ಅದು 31ರ ವರ್ಗ. 62ಕ್ಕೆ 8 ಮತ್ತು 63. 63ಕ್ಕಂತೂ ಬಾಯಲ್ಲೇ ಹೇಳಬಹುದು, 1 ಮತ್ತು 8. ನಡುವೆ ಕೂತ 61 ಮಾತ್ರ ಕೋಟಿಗಟ್ಟಲೆ ಹೋಗುತ್ತದೆ. ಭಾಸ್ಕರರ ಇನ್ನೊಂದು ಉದಾಹರಣೆ 67ಕ್ಕೂ ಉತ್ತರ 5967 ಮತ್ತು 48842, ಅಷ್ಟೇ. 61 ಯಾಕೆ ಹೀಗೆ ಅಂತ ಮಕ್ಕಳು ಕೇಳುತ್ತಾರೆ. ಕೇಳಲಿ ಅಂತಲೇ ನನ್ನ ಆಸೆ.

ಸುಮ್ನೆ ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ ಹೋದರೆ ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. 1 ಹಾಕಿ, 2 ಹಾಕಿ, 3 ಹಾಕಿ, ನಿಮಿಷಕ್ಕೊಂದರಂತೆ ಊಟ ನಿದ್ದೆ ಬಿಟ್ಟು ಹಗಲೂ ರಾತ್ರಿ ಕೂತರೆ ಸುಮಾರು 430 ವರ್ಷಕ್ಕೆ ಮುಟ್ಟುತ್ತೀರಿ. ಹಾಗಾಗಿ ಭಾಸ್ಕರರಿಗೆ ಇದು ಅದೃಷ್ಟದಿಂದ ಸಿಕ್ಕಿದ್ದಲ್ಲ. ದಾರಿ ಗೊತ್ತಿತ್ತು.

ಇವತ್ತಿನ ಯಂತ್ರಗಳಿಗೂ ಇದು ಸಲೀಸಲ್ಲ. ನಮ್ಮ ಅಂಗಡಿಯ ಕ್ಯಾಲ್ಕುಲೇಟರ್ 12 ಅಂಕಿಯದು. 1766319049ನ್ನು ಅದರಿಂದಲೇ ಗುಣಿಸಿದರೆ ಪರದೆಯ ಮೂಲೆಯಲ್ಲಿ 'ಇ' ಎಂದು ತೋರಿಸಿ ನಿಲ್ಲುತ್ತದೆ, ಯಾಕೆಂದರೆ ಉತ್ತರ 19 ಅಂಕಿಯದು: 3119882982860264401. ಎಕ್ಸೆಲ್ ಹಾಳೆಗೂ 15 ಅಂಕಿಯ ಆಚೆ ಭರವಸೆ ಇಲ್ಲ. ಎರಡೂ ಕಡೆಯ ಲೆಕ್ಕ ಹಾಕಿ ಕಳೆದರೆ ವ್ಯತ್ಯಾಸ ಸೊನ್ನೆ ಎಂದು ತೋರಿಸುತ್ತದೆ, ಒಂದು ಎಂದು ತೋರಿಸುವುದಿಲ್ಲ. ಇಡೀ ಪ್ರಶ್ನೆ ನಿಂತಿರುವುದೇ ಆ ಒಂದರ ಮೇಲೆ! ಕಂಪ್ಯೂಟರಿಗೆ ಸರಿಯಾದ ಭಾಷೆಯಲ್ಲಿ ಹೇಳಿದರೆ ಸರಿಯಾಗಿಯೇ ಮಾಡುತ್ತದೆ, ಆ ಮಾತು ಬೇರೆ. ಆದರೆ ಮೊಬೈಲ್ ತೋರಿಸಿದ್ದೇ ಸತ್ಯ ಎಂದು ನಂಬುವ ಮಕ್ಕಳಿಗೆ ಇದೊಂದು ಒಳ್ಳೆಯ ಪಾಠ.

ಹಾಗಾದರೆ ಉತ್ತರ ಸರಿ ಇದೆ ಎಂದು ನಂಬುವುದು ಹೇಗೆ? ನನಗೆ ಈ ಸಂಖ್ಯೆಯ ಮೇಲೆ ಪ್ರೀತಿ ಹುಟ್ಟಿದ್ದು ಇದೇ ಜಾಗದಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಯಾವುದೇ ಸಂಖ್ಯೆಯ ಹಿಂದಿನದನ್ನೂ ಮುಂದಿನದನ್ನೂ ಗುಣಿಸಿದರೆ ಅದರ ವರ್ಗಕ್ಕಿಂತ ಒಂದು ಕಡಿಮೆ ಬರುತ್ತದೆ. 8 ತಗೊಳ್ಳಿ, 7 ಒಂಬತ್ತಲೇ 63, ಅಂದರೆ 64ಕ್ಕೆ ಒಂದು ಕಡಿಮೆ. ಈಗ ನಮ್ಮ ಸಂಖ್ಯೆಯ ಹಿಂದಿನದು 1766319048. ಅದು 29718ರ ವರ್ಗದ ಸರಿಯಾಗಿ ಎರಡರಷ್ಟು. ಮುಂದಿನದು 1766319050. ಅದು 3805ರ ವರ್ಗದ ಸರಿಯಾಗಿ 122ರಷ್ಟು. ಇವೆರಡನ್ನೂ ಅಂಗಡಿಯ ಕ್ಯಾಲ್ಕುಲೇಟರ್‌ನಲ್ಲೇ ನೋಡಬಹುದು, 'ಇ' ಬರುವುದಿಲ್ಲ. ಕಾಗದದ ಮೇಲೂ ಮಾಡಬಹುದು. ಎರಡನ್ನೂ ಗುಣಿಸಿದರೆ ಏನಾಗುತ್ತದೆ? 2 ಮತ್ತು 122 ಸೇರಿ 244. ಅದು 61ರ ನಾಲ್ಕರಷ್ಟು. 4 ಅಂದರೆ 2ರ ವರ್ಗ. ಹಾಗಾಗಿ ಗುಣಲಬ್ಧ ಅನ್ನೋದು 61 ಗುಣಿಸು ಒಂದು ಪೂರ್ಣವರ್ಗ, ಆ ವರ್ಗದ ಮೂಲ 2 × 29718 × 3805. ಗುಣಿಸಿ ನೋಡಿ, 226153980. ನಮ್ಮ 22 ಕೋಟಿ ಅದೇ! 19 ಅಂಕಿಯ ಗುಣಾಕಾರ ಮಾಡದೆಯೇ ಸಾಧನೆ ಮುಗಿಯಿತು. ಎಂಟನೇ ಕ್ಲಾಸಿನ ಸೂತ್ರ ಒಂದು ಗೊತ್ತಿದ್ದರೆ ಸಾಕು.

ನಮ್ಮ ಓಣಿಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ಪಾಟಿಯ ಮೇಲೆ ಮಾಡಿದಳು. 29718ರ ವರ್ಗವನ್ನು 30000ದಿಂದ 282 ಕಳೆದು ಮಾಡಿದಳು, ಅದು ನಾನು ಹೇಳಿಕೊಟ್ಟದ್ದಲ್ಲ. 90 ಕೋಟಿ ಬರೆದಳು, ಅದರಲ್ಲಿ 1 ಕೋಟಿ 69 ಲಕ್ಷ 20 ಸಾವಿರ ಕಳೆದಳು, 282ರ ವರ್ಗ 79524 ಕೂಡಿಸಿದಳು. 883159524. ಅದರ ಎರಡರಷ್ಟು ಮಾಡಿ ಒಂದು ಕೂಡಿಸಿ, ಬಳಪ ಕೆಳಗಿಟ್ಟು, "ಕಾಕಾ, ಇಷ್ಟ ಏನ್ರಿ?" ಅಂದಳು. ಇಷ್ಟೇ ಅಂತ ಅವಳಿಗೆ ಅನ್ನಿಸಿತಲ್ಲ, ಅದು ನನಗೆ ದೊಡ್ಡ ವಿಷಯ.

ಇನ್ನೂ ಕೆಲವು ಗುಣಗಳಿವೆ. ಈ ಸಂಖ್ಯೆಯ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ: 1, 6, 3, 9, 4 ಸೇರಿದರೆ 23. ಉಳಿದ 7, 6, 1, 0, 9 ಸೇರಿದರೆ ಅದೂ 23. ಎರಡೂ ಸಮ ಆದ್ದರಿಂದ 11ರಿಂದ ಸರಿಯಾಗಿ ಭಾಗ ಹೋಗುತ್ತದೆ. ಪೂರ್ತಿ ಒಡೆದರೆ 11 × 59 × 1523 × 1787. ನಾಲ್ಕೂ ಅವಿಭಾಜ್ಯ. ಜೋಡಿ ಸಂಖ್ಯೆ 226153980ನ್ನು ಒಡೆದರೆ 2, 2, 3, 3, 5, 13, 127, 761. ಎರಡು ಪಟ್ಟಿಯಲ್ಲೂ ಇರುವ ಸಂಖ್ಯೆ ಒಂದೂ ಇಲ್ಲ ನೋಡಿ. ಇದ್ದಿದ್ದರೆ ಅದು ಎರಡೂ ವರ್ಗಗಳನ್ನು ಭಾಗಿಸಬೇಕಿತ್ತು, ಅಂದ ಮೇಲೆ ದೊಡ್ಡದರ ವರ್ಗಕ್ಕೂ ಚಿಕ್ಕದರ ವರ್ಗದ 61ರಷ್ಟಕ್ಕೂ ಇರುವ ವ್ಯತ್ಯಾಸವಾದ ಒಂದನ್ನೂ ಭಾಗಿಸಬೇಕಿತ್ತು. ಅದು ಆಗದ ಮಾತು. ಯೂಕ್ಲಿಡ್ ಕಾಲದ ವಾದ ಇದು, ಆದರೆ ಇಷ್ಟು ದೊಡ್ಡ ಸಂಖ್ಯೆಗಳ ಮೇಲೆ ಅದು ಕೆಲಸ ಮಾಡುವುದನ್ನು ಕಣ್ಣಾರೆ ನೋಡುವ ಖುಷಿಯೇ ಬೇರೆ.

ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 61ರ ವರ್ಗಮೂಲ ಸಿಗುತ್ತದೆ, ಪೂರ್ತಿ ಅಲ್ಲ, ಆದರೆ ದಶಮಾಂಶ ಬಿಂದುವಿನ ಆಚೆ 17 ಸ್ಥಾನದವರೆಗೆ ಒಂದಂಕಿಯೂ ತಪ್ಪದೆ. 7.81024967590665439 ವರೆಗೆ ಎರಡೂ ಒಂದೇ.

ಈಗ ದಾರಿಗೆ ಬರೋಣ, ಅಂದರೆ ಇದನ್ನು ಕಂಡುಹಿಡಿದ ಬಗೆ. ಇದಕ್ಕೆ ಚಕ್ರವಾಳ ಎಂದು ಹೆಸರು. ಒಂದು ಹತ್ತಿರದ ಉತ್ತರದಿಂದ ಶುರು ಮಾಡಿ, ಸುತ್ತು ಸುತ್ತಾಗಿ ತಿರುಗಿಸಿ, ಪ್ರತಿ ಸುತ್ತಿನಲ್ಲೂ ತಪ್ಪನ್ನು ಚಿಕ್ಕದಾಗಿಯೇ ಹಿಡಿದಿಡುತ್ತಾ, ಕೊನೆಗೆ ಸರಿಯಾಗಿ ಒಂದಕ್ಕೆ ತಂದು ನಿಲ್ಲಿಸುವುದು. 61ಕ್ಕೆ ಶುರು ಹೀಗೆ: 8ರ ವರ್ಗ 64, 61ಕ್ಕಿಂತ 3 ಜಾಸ್ತಿ. ನಮಗೆ ಬೇಕಾದದ್ದು 1 ಜಾಸ್ತಿ, ಇದು 3 ಆಯಿತು. ಒಂದು ಸುತ್ತು ತಿರುಗಿಸಿದರೆ 39 ಮತ್ತು 5 ಸಿಗುತ್ತವೆ. 39ರ ವರ್ಗ 1521. 5ರ ವರ್ಗದ 61ರಷ್ಟು 1525. ಈಗ 4 ಕಡಿಮೆ. ಇಲ್ಲಿಂದ ಮುಂದೆ ಬ್ರಹ್ಮಗುಪ್ತರು ಕೊಟ್ಟ ಒಳದಾರಿ ಇದೆ. ಎಲ್ಲಿಯಾದರೂ 4 ಕಡಿಮೆ ಸಿಕ್ಕಿತೋ, ಮೂರು ಹೆಜ್ಜೆಗೆ ಕೆಲಸ ಮುಗಿಯುತ್ತದೆ.

ಇದನ್ನು ಮಕ್ಕಳಿಗೆ 61ರಲ್ಲಿ ತೋರಿಸಬಾರದು, 13ರಲ್ಲಿ ತೋರಿಸಬೇಕು. 13ಕ್ಕೆ 3ರ ವರ್ಗ 9, ಸರಿಯಾಗಿ 4 ಕಡಿಮೆ. ನಮ್ಮ ಜೋಡಿ 3 ಮತ್ತು 1. ಮೊದಲ ಹೆಜ್ಜೆ: 3ರ ವರ್ಗಕ್ಕೆ 2 ಕೂಡಿಸಿ, 11. ಜೊತೆಗೆ 3 ಒಂದಲೇ 3. ಈಗ 11ರ ವರ್ಗ 121, 3ರ ವರ್ಗದ 13ರಷ್ಟು 117. 4 ಕಡಿಮೆ ಇದ್ದದ್ದು 4 ಜಾಸ್ತಿ ಆಯಿತು. ಎರಡನೇ ಹೆಜ್ಜೆ: ಮೊದಲಿನ ಜೋಡಿಯನ್ನೂ ಈ ಜೋಡಿಯನ್ನೂ ಕೂಡಿಸಿ ಹೊಸೆಯಬೇಕು. 3 ಗುಣಿಸು 11 ಅಂದರೆ 33, 13 ಗುಣಿಸು 1 ಗುಣಿಸು 3 ಅಂದರೆ 39, ಕೂಡಿದರೆ 72, ನಾಲ್ಕರಿಂದ ಭಾಗಿಸಿದರೆ 18. ಇನ್ನೊಂದು ಕಡೆ 3 ಗುಣಿಸು 3 ಒಂಬತ್ತು, 1 ಗುಣಿಸು 11 ಹನ್ನೊಂದು, ಕೂಡಿದರೆ 20, ನಾಲ್ಕರಿಂದ ಭಾಗಿಸಿದರೆ 5. ನೋಡಿ, 18ರ ವರ್ಗ 324, 5ರ ವರ್ಗದ 13ರಷ್ಟು 325. ಈಗ ಬರೀ ಒಂದು ಕಡಿಮೆ. ಮೂರನೇ ಹೆಜ್ಜೆ: 324ರ ಎರಡರಷ್ಟಕ್ಕೆ ಒಂದು ಕೂಡಿಸಿ, 649. 18 ಮತ್ತು 5ನ್ನು ಗುಣಿಸಿ ಎರಡರಷ್ಟು ಮಾಡಿ, 180. ಮುಗಿಯಿತು. 649ರ ವರ್ಗ 421201, 180ರ ವರ್ಗದ 13ರಷ್ಟು 421200.

ಅದೇ ಮೂರು ಹೆಜ್ಜೆ 39 ಮತ್ತು 5ರಿಂದ ಹಾಕಿ. ಮೊದಲ ಹೆಜ್ಜೆಗೆ 1523 ಮತ್ತು 195. ಎರಡನೆಯದಕ್ಕೆ 29718 ಮತ್ತು 3805. ಮೂರನೆಯದಕ್ಕೆ 1766319049 ಮತ್ತು 226153980. 430 ವರ್ಷದ ಕೆಲಸ ಒಂದು ಪುಟದಲ್ಲಿ ಮುಗಿಯಿತು. ಮೇಲೆ ಸಂಖ್ಯೆಯನ್ನು ಒಡೆದಾಗ 1523 ಬಂದಿತ್ತಲ್ವಾ? ಅದು ಇದೇ ಮೊದಲ ಹೆಜ್ಜೆಯ 1523, ದಾರಿಯ ಗುರುತು ಉತ್ತರದೊಳಗೆ ಉಳಿದುಕೊಂಡಿದೆ. 11 × 59 ಮಾಡಿದರೆ 649 ಬರುತ್ತದೆ, ಅದು 13ರ ಉತ್ತರ. ಅದು ಮಾತ್ರ ಕಾಕತಾಳೀಯ. ಇದರಲ್ಲೂ ಏನೋ ರಹಸ್ಯ ಇದೆ ಎಂದು ಮಕ್ಕಳು ಹಿಂದೆ ಬೀಳಬಹುದು, ಬಿದ್ದರೂ ನಷ್ಟವಿಲ್ಲ.

ಇತಿಹಾಸದ ಮಾತು ಸ್ವಲ್ಪ. ಎರಡು ಜೋಡಿಗಳನ್ನು ಹೊಸೆಯುವ ಆ ಎರಡನೇ ಹೆಜ್ಜೆಗೆ ಭಾವನಾ ಎಂದು ಹೆಸರು, ಅದು ಬ್ರಹ್ಮಗುಪ್ತರದ್ದು. ಚಕ್ರವಾಳವನ್ನು ಭಾಸ್ಕರರಿಗಿಂತ ಮೊದಲೇ ಜಯದೇವ ಎಂಬುವರು ಹೇಳಿದ್ದರು. ಅವರ ಶ್ಲೋಕಗಳನ್ನು ಉದಯದಿವಾಕರ ಎಂಬುವರು 1073ರಲ್ಲಿ ಬರೆದ ವ್ಯಾಖ್ಯಾನದಲ್ಲಿ ಉಳಿಸಿದ್ದಾರೆ. ಭಾಸ್ಕರರು ಅದನ್ನು ಚೊಕ್ಕಟವಾಗಿ ಹೇಳಿ, 61ರಂಥ ಗಟ್ಟಿ ಉದಾಹರಣೆ ಕೊಟ್ಟು ನಿಲ್ಲಿಸಿದರು. ಇಷ್ಟನ್ನು ಇದ್ದ ಹಾಗೆ ಹೇಳಿದರೆ ಅವರ ಘನತೆ ಕಡಿಮೆ ಆಗುವುದಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ 500 ವರ್ಷ ದಾಟಿ ಬಂದ ವಿದ್ಯೆ ಅದು, ಅದೇ ದೊಡ್ಡ ಸಂಗತಿ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ. ಮರುವರ್ಷವೇ, 1657ರ ಫೆಬ್ರುವರಿಯಲ್ಲಿ, ಅತ್ತ ಫ್ರಾನ್ಸಿನಲ್ಲಿ ಫರ್ಮಾ ಎಂಬ ಗಣಿತಜ್ಞರು ಫ್ರೆನಿಕ್ಲ್ ಎಂಬ ಗೆಳೆಯರಿಗೆ ಇದೇ ಪ್ರಶ್ನೆ ಬರೆದು ಕಳಿಸಿದರು. ನಿಮಗೆ ಜಾಸ್ತಿ ತ್ರಾಸಾಗದಿರಲಿ ಎಂದು ಚಿಕ್ಕ ಸಂಖ್ಯೆ ಕೊಡುತ್ತೇನೆ ಎಂಬ ಅರ್ಥದ ಮಾತು ಬರೆದು, ಅವರು ಆರಿಸಿದ್ದು 61 ಮತ್ತು 109! ಅದೇ 61. ಭಾಸ್ಕರರ ಪುಸ್ತಕ ಅವರ ಕೈಗೆ ಹೋಗಿರಲಿಲ್ಲ. ಬೀಜಗಣಿತದ ಕೋಲ್‌ಬ್ರೂಕ್ ಇಂಗ್ಲಿಷ್ ಅನುವಾದ ಬಂದದ್ದೇ 1817ರಲ್ಲಿ. ಇಬ್ಬರೂ 61ಕ್ಕೇ ಬಂದು ನಿಂತದ್ದು ಯಾಕೆಂದರೆ 100ರ ಒಳಗೆ ಇಷ್ಟು ದೊಡ್ಡ ಉತ್ತರ ಕೊಡುವ ಸಂಖ್ಯೆ ಇನ್ನೊಂದಿಲ್ಲ. ಇಬ್ಬರಿಗೂ ಅದು ಗೊತ್ತಿದ್ದಿರಬೇಕು ಎಂದೇ ನಾನು ನಂಬುತ್ತೇನೆ. ಇಂಗ್ಲೆಂಡಿನ ಬ್ರೌಂಕರ್ ದಾರಿ ಕಂಡುಕೊಂಡರು. ಆಮೇಲೆ ಆಯ್ಲರ್ ಎಂಬ ಗಣಿತಜ್ಞರು ತಪ್ಪು ತಿಳಿದು ಈ ಪ್ರಶ್ನೆಗೆ ಪೆಲ್ ಎಂಬ ಬೇರೆ ಇಂಗ್ಲಿಷ್ ಗಣಿತಜ್ಞರ ಹೆಸರು ಹಚ್ಚಿದರು, ಇವತ್ತಿಗೂ ಕಾಲೇಜು ಪುಸ್ತಕಗಳಲ್ಲಿ ಪೆಲ್ ಸಮೀಕರಣ ಅಂತಲೇ ಇದೆ.

ಇನ್ನೊಂದು ಮಾತು ನ್ಯಾಯವಾಗಿ ಹೇಳಲೇಬೇಕು. ವರ್ಗ ಅಲ್ಲದ ಯಾವುದೇ ಸಂಖ್ಯೆಗೆ ಉತ್ತರ ಇದ್ದೇ ಇರುತ್ತದೆ ಎಂದು ಸಾಧಿಸಿ ತೋರಿಸಿದವರು ಲಗ್ರಾಂಜ್, 18ನೇ ಶತಮಾನದಲ್ಲಿ. ಭಾಸ್ಕರರು ವಿಧಾನ ಕೊಟ್ಟರು, ಅದು ಕೆಲಸ ಮಾಡುತ್ತದೆ, ಯಾವಾಗಲೂ ಮಾಡುತ್ತದೆ, ಆದರೆ ಆ 'ಯಾವಾಗಲೂ' ಎಂಬುದರ ಸಾಧನೆ ಅವರ ಗ್ರಂಥದಲ್ಲಿ ಇಲ್ಲ. ವಾಟ್ಸಾಪ್‌ನಲ್ಲಿ ಎಲ್ಲವೂ ನಮ್ಮವರದ್ದೇ ಎಂದು ಕಳಿಸುವವರಿಗೆ ಇದು ಹಿಡಿಸಲಿಕ್ಕಿಲ್ಲ. ಆದರೆ ಹ್ಯಾಂಕೆಲ್ ಎಂಬ ಜರ್ಮನ್ ಗಣಿತಜ್ಞರು ಲಗ್ರಾಂಜ್‌ಗಿಂತ ಮುಂಚೆ ಸಂಖ್ಯಾ ಸಿದ್ಧಾಂತದಲ್ಲಿ ಆದ ಅತಿ ಸೊಗಸಾದ ಕೆಲಸ ಚಕ್ರವಾಳವೇ ಎಂದು 19ನೇ ಶತಮಾನದಲ್ಲೇ ಒಪ್ಪಿಕೊಂಡಿದ್ದಾರೆ. ಇದ್ದದ್ದು ಇದ್ದ ಹಾಗೆ ಹೇಳಿದರೂ ಎದೆ ತುಂಬಿಕೊಳ್ಳಲು ಇಷ್ಟು ಸಾಕಲ್ವಾ?

ಊರಿನ ಜಗಳಕ್ಕೂ ಇದೇ ಮಾತು. ಭಾಸ್ಕರರು ತಮ್ಮ ಊರು ಸಹ್ಯಾದ್ರಿಯ ಆಸರೆಯಲ್ಲಿರುವ ವಿಜ್ಜಡವಿಡ ಎಂದು ತಾವೇ ಬರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಹೇಳುವವರು ಇದ್ದಾರೆ, ಅಲ್ಲ, ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣದ ಕಡೆ ಎಂದು ಹೇಳುವವರೂ ಇದ್ದಾರೆ. ಪಾಟಣದಲ್ಲಿ ಭಾಸ್ಕರರ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲು ಮಠ ಮಾಡಿದ ಶಾಸನವೂ ಇದೆ. ವಿದ್ವಾಂಸರು ನೋಡಿಕೊಳ್ಳಲಿ. ನಾವು ಅವರು ನಮ್ಮೂರವರು ಎಂದು ಹೇಳಿಕೊಳ್ಳುವುದಾದರೆ, ಅವರ ಲೆಕ್ಕ ನಮ್ಮ ಮಕ್ಕಳಿಗೆ ಬರಬೇಕು. ಅವರು ಹುಟ್ಟಿದ ಜಾಗದ ಬಗ್ಗೆ ವಾದ ಮಾಡಿದ ಸಂಜೆಯೇ 39 ಮತ್ತು 5ರಿಂದ 1766319049ಕ್ಕೆ ಹೋಗುವ ಹುಡುಗ ನಮ್ಮ ಓಣಿಯಲ್ಲಿ ಇರಬೇಕು.

ಸಂಪಾದಕರೇ, ಕೇಳುವುದು ಇಷ್ಟು. ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಎಸ್ಸೆಸ್ಸೆಲ್ಸಿ ಮಾದರಿ ಪ್ರಶ್ನೆಗಳು ಬರುತ್ತವೆ, ಬರಲಿ, ಅವು ಬೇಕು. ಅದರ ಪಕ್ಕದಲ್ಲಿ ವಾರಕ್ಕೊಮ್ಮೆ ಅಂಗೈ ಅಗಲದ ಜಾಗ ಒಂದು ಸಂಖ್ಯೆಗೆ ಕೊಡಿ. ಮೊದಲ ವಾರ 13, ಆಮೇಲೆ 29, ಆಮೇಲೆ 53. ಮೂರಕ್ಕೂ ಶುರುವಾತು ಒಂದೇ ತರಹ: 5ರ ವರ್ಗ 25, 29ಕ್ಕಿಂತ 4 ಕಡಿಮೆ. 7ರ ವರ್ಗ 49, 53ಕ್ಕಿಂತ 4 ಕಡಿಮೆ. ನಾಲ್ಕನೇ ವಾರ 61 ಹಾಕಿ. ಅಷ್ಟೊತ್ತಿಗೆ ಮಕ್ಕಳ ಕೈ ಹದಕ್ಕೆ ಬಂದಿರುತ್ತದೆ. ಡಿಸೆಂಬರ್ 22ರ ಗಣಿತ ದಿನಕ್ಕೆ ಸರಿಹೊಂದಿಸಿದರೆ ಇನ್ನೂ ಒಳ್ಳೆಯದು. ಉತ್ತರ ಮಾತ್ರ ಅಚ್ಚು ಮಾಡಬೇಡಿ, ಹೆಜ್ಜೆಗಳನ್ನೂ ಮಾಡಿ, ಅಂಕಿ ಒಂದೂ ಬೀಳದ ಹಾಗೆ ತಿದ್ದುವವರಿಗೆ ಹೇಳಿ. ಇಂಥ ಲೆಕ್ಕದಲ್ಲಿ ಒಂದು 9 ಬಿದ್ದುಹೋದರೆ ಮಕ್ಕಳು ತಾವೇ ತಪ್ಪು ಮಾಡಿದೆವು ಎಂದು ತಿಳಿದು ಪಾಟಿ ಕೆಳಗಿಟ್ಟುಬಿಡುತ್ತಾರೆ.

ಭಾಸ್ಕರರ ಹೆಸರಿನಲ್ಲಿ ಸರ್ಕಲ್ಲು, ಭವನ, ಕಮಾನು ಕಟ್ಟುವ ಉತ್ಸಾಹ ಇರುವವರಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿ. ಕಲ್ಲಿನ ಮೇಲೆ ಹೆಸರು, ಉದ್ಘಾಟಿಸಿದವರ ಹೆಸರು, ದಿನಾಂಕ ಎಲ್ಲಾ ಕೆತ್ತಿಸುತ್ತೀರಿ. ಅದರ ಕೆಳಗೆ ಈ ಎರಡು ಸಂಖ್ಯೆಗಳನ್ನೂ, 61ನ್ನೂ, ನಡುವಿನ ಆ ಒಂದನ್ನೂ ಕೆತ್ತಿಸಿ. ಬಸ್ಸಿಗೆ ಕಾಯುವ ಹುಡುಗರು ಓದಿ, ಇದೇನು ಅಂತ ಒಬ್ಬರನ್ನೊಬ್ಬರು ಕೇಳಲಿ.

ಮತ್ತೆ, ಐದನೇ ವಾರಕ್ಕೆ 109 ಹಾಕಿ. ಫರ್ಮಾ ಕೇಳಿದ ಎರಡನೇ ಸಂಖ್ಯೆ ಅದು. ದೊಡ್ಡ ಚೌಕದ ಸಾಲುಗಳ ಸಂಖ್ಯೆ 15 ಅಂಕಿಯದು, ಅದನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಸುಳಿವು ಮಾತ್ರ ಕೊಡುತ್ತೇನೆ: 25ರ ವರ್ಗವನ್ನು 109ರಿಂದ ಗುಣಿಸಿ 4 ಕಳೆಯಿರಿ, 261ರ ವರ್ಗ ಬರುತ್ತದೆ. ಅಲ್ಲಿಂದ ಮೂರೇ ಹೆಜ್ಜೆ. ಉತ್ತರ ಕಳಿಸಿದ ಮಕ್ಕಳ ಹೆಸರು, ಊರು, ಶಾಲೆ ಹಾಕಲು ಜಾಗ ಇಡಿ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದಲೂ ಬರುತ್ತವೆ, ಹಳ್ಳಿ ಶಾಲೆಗಳಿಂದಲೂ ಬರುತ್ತವೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ವಿಜಯಪುರ